ಹೆಸರಿಲ್ಲದ ಒಂದು ಎಚಿಂಗ್, 140 ಯೂರೋ: ಆರು ತಿಂಗಳು ಗೋಡೆ ಮೇಲಿದ್ದ ಮೇಲೆ

ಗೋಡೆಗೆ ಹಾಕಿದ ದಿನ ಅಮ್ಮ ಹತ್ತಿರ ಬಂದು ನೋಡಿ, "ಏನೋ ಇದು, ದೋಸೆ ಕಾವಲಿ ಸೀದುಹೋದ ಹಾಗಿದೆ" ಅಂದರು. ಅರ್ಧ ಸರಿ. ಲೋಹದ ತಗಡನ್ನು ಆಸಿಡ್‌ಗೆ ತಿನ್ನಿಸಿ, ಆ ಗುಳಿಗಳಲ್ಲಿ ಇಂಕು ತುಂಬಿ ಕಾಗದದ ಮೇಲೆ ಒತ್ತಿ ತೆಗೆದ ಚಿತ್ರ ಇದು, ಅದಕ್ಕೇ ಎಚಿಂಗ್ ಅನ್ನೋದು.

ಜರ್ಮನಿಯಲ್ಲಿರುವ ಭಾವ ಮೈಸೂರಿಗೆ ಬರುವಾಗ ಅಲ್ಲಿನ ಒಂದು ಹಳೇ ಪುಸ್ತಕದ ಅಂಗಡಿಯಿಂದ ತಂದರು. ದುಡ್ಡು ನನ್ನದೇ, 140 ಯೂರೋ. ಕೆಳಗೆ ಎಡಕ್ಕೆ ಪೆನ್ಸಿಲ್‌ನಲ್ಲಿ 34/75, ಅಂದರೆ 75 ಪ್ರತಿಗಳಲ್ಲಿ 34ನೆಯದು. ಬಲಕ್ಕೆ ಒಂದು ಸಹಿ, ಪಕ್ಕದಲ್ಲಿ 58, ಬಹುಶಃ 1958. ಸಹಿ ಯಾರದ್ದು ಅಂತ ಅಂಗಡಿಯವರಿಗೂ ಗೊತ್ತಿರಲಿಲ್ಲ, ಅದಕ್ಕೇ ಈ ರೇಟು. ಎಡಗಡೆ ವಾಲಿದ ಬಾಗಿಲ ಚೌಕಟ್ಟಿನಂಥ ದಪ್ಪ ಕಪ್ಪು, ಅದನ್ನು ಅಡ್ಡ ಸೀಳಿದ ಮೂರು ಗೀರು, ಕೆಳಗೆ ಮೂಲೆಯಲ್ಲಿ ಡಿಕಾಕ್ಷನ್ ಚೆಲ್ಲಿದ ಹಾಗೆ ಒಂದು ಕಂದು ಮಚ್ಚೆ. ಅಷ್ಟೇ.

ಭಾವ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ನನಗೆ ಏನೂ ಅನ್ನಿಸಿರಲಿಲ್ಲ, ಸುಮ್ನೆ ಒಂದು ಕಪ್ಪು ಚೌಕ. ಕೈಗೆ ಬಂದ ಮೇಲೆ ಕಿಟಕಿ ಹತ್ತಿರ ಓರೆಯಾಗಿ ಹಿಡಿದೆ. ಗೀರುಗಳಲ್ಲಿ ಇಂಕು ಉಬ್ಬಿ ನಿಂತಿತ್ತು. ಚಿತ್ರ ಇರುವಷ್ಟು ಜಾಗ ಸುತ್ತಲಿನ ಕಾಗದಕ್ಕಿಂತ ತಗ್ಗಾಗಿತ್ತು, ಪ್ರೆಸ್ಸಿನಲ್ಲಿ ತಗಡು ಒತ್ತಿದ ಗುರುತು. ಇದು ಫೋನಲ್ಲಿ ಕಾಣುವ ವಿಷಯವೇ ಅಲ್ಲ.

ಆಮೇಲೆ ಅಪ್ಪನ ಭೂತಗನ್ನಡಿ ತಗೊಂಡೆ, ಅವರು ಪಂಚಾಂಗ ನೋಡೋಕೆ ಇಟ್ಟುಕೊಂಡಿರೋದು. ದೂರದಿಂದ ಸಾದಾ ಬೂದು ಬಣ್ಣ ಅಂದುಕೊಂಡಿದ್ದ ಜಾಗದಲ್ಲಿ ಸಾವಿರಾರು ಬಿಳಿ ಚುಕ್ಕೆ, ಸುತ್ತ ಕಪ್ಪು ಸಂದು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆ ತಳದ ಹಾಗೆ. ಇದೇ ಆಕ್ವಾಟಿಂಟ್. ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ, ಅದು ಕರಗಿ ಅಂಟಿಕೊಂಡ ಮೇಲೆ ಆಸಿಡ್‌ಗೆ ಇಳಿಸುತ್ತಾರೆ. ರಾಳದ ಕಾಳು ಕೂತ ಜಾಗ ಬಚಾವ್, ಸಂದಿಯಲ್ಲಿ ಆಸಿಡ್ ಕೊರೆಯುತ್ತದೆ, ಆ ಗುಳಿಯಲ್ಲಿ ಇಂಕು ನಿಲ್ಲುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಜಾಸ್ತಿ ಕಪ್ಪು. ಯಂತ್ರದಲ್ಲಿ ಅಚ್ಚಾಗುವ ಮಾಮೂಲಿ ಆಫ್‌ಸೆಟ್ ಪೋಸ್ಟರ್ ಆಗಿದ್ದರೆ ಚುಕ್ಕೆಗಳು ಸಾಲು ಹಿಡಿದು ನಿಂತಿರುತ್ತಿದ್ದವು. ಕೊಳ್ಳುವ ಮೊದಲು ಇದೊಂದು ನೋಡಿಕೊಳ್ಳಿ.

ವಿಧಾನ ಹೊಸದೇನಲ್ಲ. ಸ್ಪೇನಿನ ಕಲಾವಿದ ಗೋಯಾ 1799ರಲ್ಲೇ 80 ಚಿತ್ರಗಳ ಒಂದು ಸರಣಿಯನ್ನು ಇದರಲ್ಲಿ ಮಾಡಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್‌ನ ಕೆಲವು ಕಲಾವಿದರು ಮಾಡಿದ್ದು ಬೇರೆ: ಮನುಷ್ಯ, ಮರ, ಮನೆ ಎಲ್ಲ ಬಿಟ್ಟು ಆಸಿಡ್ ಏನು ಮಾಡುತ್ತೋ ಅದನ್ನೇ ಚಿತ್ರ ಮಾಡಿದರು. ಅವರಲ್ಲೊಬ್ಬನಾದ ಫ್ರೆಂಚ್ ಕಲಾವಿದ ಸುಲಾಜ್ ಅಂತೂ ಆಸಿಡ್ ತಗಡನ್ನೇ ತೂತು ಮಾಡಿದಾಗ ಎಸೆಯಲಿಲ್ಲ, ಆ ತೂತನ್ನು ಹಾಗೇ ಅಚ್ಚು ಹಾಕಿದ. ಇಂಗ್ಲೆಂಡಿನ ಕಲಾವಿದ ಹೇಟರ್ 1927ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದ ಅಟೆಲಿಯೆ 17 ಅನ್ನೋ ಪ್ರಿಂಟ್ ಕಾರ್ಯಾಗಾರ ಯುದ್ಧದ ಕಾರಣಕ್ಕೆ ನ್ಯೂಯಾರ್ಕ್‌ಗೆ ಹೋಗಿ 1950ರಲ್ಲಿ ಪ್ಯಾರಿಸ್‌ಗೆ ವಾಪಸ್ ಬಂತು, ನಮ್ಮ ಆಂಧ್ರದ ಪ್ರಿಂಟ್ ಕಲಾವಿದ ಕೃಷ್ಣ ರೆಡ್ಡಿ ಕೆಲಸ ಕಲಿತು ಆಮೇಲೆ ಕಲಿಸಿದ್ದೂ ಅಲ್ಲೇ. ನನ್ನ ಪ್ರಿಂಟಿಗೂ ಅವರಿಗೂ ಸಂಬಂಧ ಇದೆ ಅಂತ ಹೇಳುತ್ತಿಲ್ಲ, ಆಸೆ ಅಂತೂ ಇದೆ.

ದೂರು ಒಂದಿದೆ. "ಸ್ಥಿತಿ ಚೆನ್ನಾಗಿದೆ" ಅಂತ ಬಿಲ್ಲಲ್ಲಿ ಬರೆದಿದ್ದರು. ಹಳೇ ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ರಟ್ಟು, ತೆಗೆದರೆ ನಾಲ್ಕೂ ಕಡೆ ಕಾಗದ ಕಂದು ಪಟ್ಟಿಯಾಗಿ ಸುಟ್ಟ ಹಾಗಿದೆ. ಸಾಧಾರಣ ರಟ್ಟಿನಲ್ಲಿ ಆಸಿಡ್ ಅಂಶ ಇರುತ್ತೆ, ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಹೀಗೇ ಆಗೋದು. ಮಾರುವವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ಫ್ರೇಮಿನದ್ದು ಇನ್ನೊಂದು ಕಥೆ. ಮಾರ್ಕೆಟ್ ಹತ್ತಿರದ ಒಂದು ಅಂಗಡಿಗೆ ಒಯ್ದೆ. ಅವರು ನೋಡಿದವರೇ ಸ್ಕೇಲು ಇಟ್ಟು, "ಈ ಖಾಲಿ ಪೇಪರ್ ಕಟ್ ಮಾಡ್ಬಿಡ್ತೀನಿ ಸಾರ್, ನೀಟಾಗಿ ಕಾಣ್ಸುತ್ತೆ" ಅಂದರು. ಆ ಖಾಲಿ ಪೇಪರ್ ಮೇಲೇ ಸಹಿ, ನಂಬರ್ ಎಲ್ಲ ಇರೋದು! ಕೈಯಿಂದ ಕಿತ್ತುಕೊಂಡು ಬಂದೆ ಅಂದರೂ ತಪ್ಪಿಲ್ಲ. ಕೊನೆಗೆ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಗೆಳೆಯನೇ ಕೂತು ಮಾಡಿಕೊಟ್ಟ. ಆಸಿಡ್ ಇಲ್ಲದ ಬೋರ್ಡು, ಮೇಲ್ಗಡೆ ಎರಡೇ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿ, ಅದಕ್ಕೆ ಗೋಧಿ ಗಂಜಿಯ ಅಂಟು. ಬೇಕಾದಾಗ ನೀರು ಮುಟ್ಟಿಸಿ ಬಿಡಿಸಬಹುದು. ಗಾಜು ಕಾಗದಕ್ಕೆ ತಾಗದ ಹಾಗೆ ಸಂದು ಬಿಟ್ಟಿದ್ದಾನೆ. ಎಲ್ಲ ಸೇರಿ 2,600 ರೂಪಾಯಿ, ಅವನು ಕೂಲಿ ತಗೊಳ್ಳಲಿಲ್ಲ.

ಬಿಸಿಲು ಬೀಳದ ಒಳಗೋಡೆಗೆ ಹಾಕಿದ್ದೇನೆ. ಮಳೆಗಾಲ ಮುಗಿದ ಮೇಲೆ ಒಂದ್ಸಲ ಬಿಚ್ಚಿ ನೋಡು ಅಂತ ಗೆಳೆಯ ಅಂದಿದ್ದ. ಆಯುಧಪೂಜೆಗೆ ಮನೆ ಕ್ಲೀನ್ ಮಾಡುವಾಗ ಬಿಚ್ಚಿದೆ. ಫಂಗಸ್ ಇಲ್ಲ, ಕಂದು ಪಟ್ಟಿ ಇದ್ದ ಹಾಗೇ ಇದೆ. ಅಮ್ಮ ಸ್ಕೂಟರ್ ಜೊತೆಗೆ ಅದರ ಫ್ರೇಮಿಗೂ ಒಂದು ಬೊಟ್ಟು ಕುಂಕುಮ ಇಟ್ಟರು.