ಒಂದೇ ಅಶ್ವಶಕ್ತಿ, ಎರಡು ಸ್ವಭಾವ

1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಮತ್ತು 1990ರ ಹೋಂಡಾ ಎನ್‌ಎಸ್‌ಎಕ್ಸ್ ಕಾರುಗಳು ಕಾಗದದ ಮೇಲೆ ಸರಿಸಮ. ಜಪಾನಿನ ತಯಾರಕರು ತಮ್ಮೊಳಗೆ ಒಪ್ಪಿಕೊಂಡಿದ್ದ 280 ಅಶ್ವಶಕ್ತಿಯ ಮಿತಿಯೇ ಎರಡಕ್ಕೂ ಅನ್ವಯ. ಚಾಲನೆಯಲ್ಲಿ ಮಾತ್ರ ಅಜಗಜಾಂತರ. 2.6 ಲೀಟರಿನ ಅವಳಿ ಟರ್ಬೊ ಎಂಜಿನ್ನಿನ ಜಿಟಿ-ಆರ್ ಮಾಮೂಲಿಯಾಗಿ ಹಿಂದಿನ ಚಕ್ರಗಳನ್ನೇ ನಂಬಿ ಓಡುತ್ತದೆ. ಅವು ಜಾರತೊಡಗಿದಾಗ ಗಣಕವು ಶಕ್ತಿಯ ಒಂದು ಪಾಲನ್ನು ಮುಂದಕ್ಕೆ ಕಳಿಸುತ್ತದೆ, ಆ ಪಾಲೆಷ್ಟೆಂದು ತೋರಿಸಲೆಂದೇ ಡ್ಯಾಶ್‌ಬೋರ್ಡಿನ ನಡುವೆ ಪುಟ್ಟ ಮುಳ್ಳೊಂದು ಏರಿಳಿಯುತ್ತಿರುತ್ತದೆ. ಅದರ ಖ್ಯಾತಿಯೂ ಒರಟೇ: ಬಾಥರ್ಸ್ಟ್ ರೇಸನ್ನು 1991 ಮತ್ತು 1992ರಲ್ಲಿ ಸತತವಾಗಿ ಗೆದ್ದ ಈ ಕಾರಿಗೆ ಆಸ್ಟ್ರೇಲಿಯನ್ನರು ಗಾಡ್ಜಿಲಾ ಎಂದೇ ಹೆಸರಿಟ್ಟರು.

ಎನ್‌ಎಸ್‌ಎಕ್ಸ್ ಹಾಗಲ್ಲ. ಅಲ್ಯೂಮಿನಿಯಂ ದೇಹ, ಚಾಲಕನ ಬೆನ್ನ ಹಿಂದೆ ಟರ್ಬೊ ಇಲ್ಲದ 3 ಲೀಟರಿನ ವಿ6 ಎಂಜಿನ್, ಆರಂಭದ ಮ್ಯಾನ್ಯುಯಲ್ ಕಾರುಗಳಲ್ಲಿ ಪವರ್ ಸ್ಟೀರಿಂಗೂ ಇಲ್ಲ. ನಿಲುಗಡೆಯಲ್ಲಿ ತೋಳಿಗೆ ತುಸು ಕೆಲಸ ಕೊಡುವ ಆ ಸ್ಟೀರಿಂಗ್ ಚಕ್ರವೇ ವೇಗ ಹಿಡಿದ ಮೇಲೆ ರಸ್ತೆಯ ಸುದ್ದಿಯನ್ನೆಲ್ಲ ಅಂಗೈಗೆ ತಲುಪಿಸುತ್ತದೆ. ಎಂಜಿನ್ ನಿಮಿಷಕ್ಕೆ 5,800 ಸುತ್ತು ದಾಟಿದೊಡನೆ, ಕವಾಟಗಳು ತೆರೆಯುವ ರೀತಿಯನ್ನು ಬದಲಿಸುವ ವಿಟೆಕ್ ವ್ಯವಸ್ಥೆ ಕೆಲಸಕ್ಕಿಳಿದು ಎಂಜಿನ್ನಿನ ದನಿಯೇ ಬದಲಾಗುತ್ತದೆ, ಸೂಜಿ 8,000ದತ್ತ ಓಡುತ್ತದೆ. ಅಭಿವೃದ್ಧಿಯ ಹಂತದಲ್ಲಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಓಡಿಸಿ ಅಭಿಪ್ರಾಯ ಕೊಟ್ಟಿದ್ದರೂ, ಫೆರಾರಿಯ ಮುಂದೆ ಹೋಂಡಾ ಎಂಬ ಲಾಂಛನ ಬಡವಾಗಿ ಕಂಡವರೇ ಅಂದು ಹೆಚ್ಚು. ಅದು ಕಾರಿನ ದೋಷವಲ್ಲ. ನನ್ನ ಮತ ಎನ್‌ಎಸ್‌ಎಕ್ಸ್‌ಗೆ, ಮಳೆಗಾಲದ ಮಟ್ಟಿಗೆ ಮಾತ್ರ ಜಿಟಿ-ಆರ್‌ಗೆ.