ಮೂರು ಗೇಮ್‌ಬಾಯ್, ಮೂರು ಸೋಲ್ಡರಿಂಗ್ ಐರನ್

ದುಬೈಯಲ್ಲಿದ್ದ ಮಾವ 2003ರಲ್ಲಿ ಊರಿಗೆ ಬರುವಾಗ ಮೂರು ಗೇಮ್‌ಬಾಯ್ ಅಡ್ವಾನ್ಸ್ (ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್) ತಂದಿದ್ದರು. ಮನೆಯಲ್ಲಿ ಮಕ್ಕಳು ಮೂವರು. ಜಗಳ ಬೇಡ ಅಂತ ಮೂರೂ ಒಂದೇ ಬಣ್ಣದ್ದು. ಅವರ ಆ ಜಾಗ್ರತೆಯಿಂದ ಇಷ್ಟು ವರ್ಷದ ಮೇಲೆ ನನಗೊಂದು ಲಾಭ ಆಯಿತು. ಒಂದೇ ಕೆಲಸವನ್ನು ಮೂರು ಬೇರೆ ಬೇರೆ ಸೋಲ್ಡರಿಂಗ್ ಐರನ್‌ನಲ್ಲಿ (ಸೋಲ್ಡರ್ ಎಂಬ ಲೋಹ ಕರಗಿಸಿ ವಯರ್ ಬೆಸೆಯುವ ಬಿಸಿ ಕಡ್ಡಿ) ಮಾಡಿ ನೋಡುವ ಅವಕಾಶ ಸಿಕ್ಕಿತು.

ಕೆಲಸ ಎಂತದ್ದು ಅಂದರೆ, ಆ ಗೇಮ್‌ಬಾಯ್‌ನ ಪರದೆಗೆ ಬೆಳಕೇ ಇಲ್ಲ. ಬೇಸಿಗೆಯಲ್ಲಿ ಅಂಗಳಕ್ಕೆ ತಂದರೆ ಚಂದ ಕಾಣುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಚಾವಡಿಯೊಳಗೆ ಕೂತರೆ ನಮ್ಮ ಮುಖವೇ ಕಾಣುವುದು. ಈಗ ಅದಕ್ಕೆ ಬೆಳಕಿರುವ ಐಪಿಎಸ್ ಪರದೆಯ ಕಿಟ್ ಸಿಗುತ್ತದೆ. ಪರದೆಯನ್ನು ರಿಬ್ಬನ್ ಕೇಬಲ್‌ನಲ್ಲಿ ಸಿಕ್ಕಿಸಿದರೆ ಮುಗಿಯಿತು. ಆದರೆ ಬಟನ್ ಒತ್ತಿ ಬೆಳಕು ಹೆಚ್ಚು ಕಡಿಮೆ ಮಾಡಬೇಕಾದರೆ ಮೂರು ಸಣ್ಣ ವಯರ್ ಬೋರ್ಡಿಗೆ ಬೆಸೆಯಬೇಕು. ಸೆಲೆಕ್ಟ್, ಎಲ್, ಆರ್ ಅಂತ ಮೂರು ಬಟನ್, ಒಂದೊಂದಕ್ಕೆ ಒಂದೊಂದು. ಬೆಸೆಯುವ ಜಾಗ ಸಾಸಿವೆ ಕಾಳಿನಷ್ಟು. ಹೊಸ ಕನ್ಸೋಲ್‌ಗಳಿಗೆ ಮಾಡ್‌ಚಿಪ್ (ಕಂಪನಿಯ ಬೀಗ ದಾಟಿಸುವ ಚಿಪ್) ಹಾಕಲು ಹೊರಡುವ ಹುಡುಗರಿಗೆ ಇದರ ಎಷ್ಟೋ ಪಾಲು ಚಿಕ್ಕ ಜಾಗದಲ್ಲಿ ಕೆಲಸ ಇರುತ್ತದೆ. ಸಾಸಿವೆಯಲ್ಲಿ ಕೈ ಕುದುರದೆ ಅಲ್ಲಿಗೆ ಕೈ ಹಾಕಬೇಡಿ.

ಮೊದಲನೆಯದಕ್ಕೆ ಮನೆಯಲ್ಲೇ ಇದ್ದ 25 ವ್ಯಾಟಿನ ಐರನ್ ಹಿಡಿದೆ. ಎರಡು ಪಿನ್ನಿನ ಪ್ಲಗ್, ಬೆಲೆ ಮುನ್ನೂರರ ಒಳಗೆ. ಸುಮ್ನೆ ಅನುಮಾನಕ್ಕೆ ಟೆಸ್ಟರನ್ನು ಅದರ ತುದಿಗೆ ಮುಟ್ಟಿಸಿದೆ. ಒಳಗಿನ ಕೆಂಪು ದೀಪ ಮಿಣಿಮಿಣಿ ಹತ್ತಿತು! ಅರ್ತಿಂಗ್ ಇಲ್ಲದ ಐರನ್‌ನ ತುದಿಗೆ ಕರೆಂಟ್ ಸ್ವಲ್ಪ ಸೋರುತ್ತದೆ. ಟಿವಿಯ ದಪ್ಪ ವಯರಿಗೆ ಅದು ಲೆಕ್ಕಕ್ಕಿಲ್ಲ, ಇಂಥ ಬೋರ್ಡಿನ ಚಿಪ್‌ಗೆ ಲೆಕ್ಕಕ್ಕಿದೆ. ಬಿಸಿಯಾದ ಮೇಲೆ ಪ್ಲಗ್ ಕಿತ್ತು ಬೆಸೆಯುವುದು ಅಂತ ಮಾಡಿದೆ.

ಆದರೆ ಹಾಳಾದದ್ದು ಕರೆಂಟಿನಿಂದ ಅಲ್ಲ. ಇಂಥ ಐರನ್‌ಗೆ ಬಿಸಿಯ ಲಗಾಮು ಇಲ್ಲ. ಸುಮ್ನೆ ಇಟ್ಟರೆ ಕಾಯುತ್ತಲೇ ಹೋಗುತ್ತದೆ. ನನ್ನ ಮಲ್ಟಿಮೀಟರಿನ ಥರ್ಮೋಕಪಲ್ 420 ಡಿಗ್ರಿ ತೋರಿಸಿತು. ಅಷ್ಟು ಕಾದ ತುದಿ ಕಪ್ಪಾಗುತ್ತದೆ, ಕಪ್ಪಾದ ತುದಿಗೆ ಸೋಲ್ಡರ್ ಅಂಟುವುದಿಲ್ಲ, ಅಂಟದಿದ್ದರೆ ಬಿಸಿ ದಾಟುವುದಿಲ್ಲ. ಆಗ ನಾವು ಮಾಡುವುದು ಎಂತ? ಒತ್ತಿ ಹಿಡಿಯುವುದು. ಸೆಲೆಕ್ಟ್ ಮತ್ತು ಎಲ್ ಹೇಗೋ ಆಯಿತು. ಆರ್‌ನಲ್ಲಿ ಐದಾರು ಸೆಕೆಂಡ್ ಒತ್ತಿ ತೆಗೆದಾಗ ತಾಮ್ರದ ಆ ಪುಟ್ಟ ಬಿಲ್ಲೆ ವಯರಿನ ಜೊತೆಗೇ ಎದ್ದು ಬಂತು. ಬೋರ್ಡಿನಲ್ಲಿ ಉಳಿದದ್ದು ಕಂದು ಬಣ್ಣದ ಒಂದು ಚುಕ್ಕೆ.

ಅದನ್ನು ಹಿಡ್ಕೊಂಡು ಹಂಪನಕಟ್ಟೆಯ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅವರು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿ, "ಎಂತ ಮಾರಾಯ್ರೆ, ಚಪಾತಿ ಕಾಯಿಸಿದ್ದಾ?" ಅಂತ ಕೇಳಿದರು. ನಂತರ ಆ ಬಿಲ್ಲೆಯಿಂದ ಹೊರಡುವ ತಾಮ್ರದ ಗೆರೆಯನ್ನು ಹಿಡಿದು ಹೋಗಿ, ವಯರನ್ನು ಆರ್ ಬಟನ್ನಿನ ಕಾಲಿಗೇ ಬೆಸೆದರು. ಗೆರೆ ಒಂದೇ ಅಲ್ವಾ, ಎಲ್ಲಿ ಮುಟ್ಟಿದರೂ ನಡೆಯುತ್ತದೆ. ನಾನು ನೋಡಿದ್ದು ಅವರ ಐರನ್‌ನ ತುದಿಯನ್ನು. ಸೂಜಿಯ ಹಾಗೆ ಇರಬಹುದು ಅಂತ ಎಣಿಸಿದ್ದೆ. ಚಿಕ್ಕ ಕತ್ತಿಯ ಹಾಗೆ ಅಗಲವಾಗಿತ್ತು! ಬಿಸಿ 350. ಮುಟ್ಟಿದ್ದು ಒಂದು ಸೆಕೆಂಡ್ ಕೂಡ ಇಲ್ಲ. "ಬಿಸಿ ಕಮ್ಮಿ ಇಟ್ಟರೆ ಸೇಫ್ ಅಂತ ಎಲ್ಲರೂ ಎಣಿಸುವುದು. ಜಾಸ್ತಿ ಹೊತ್ತು ಇಡುವುದೇ ಡೇಂಜರ್" ಅಂದರು. 300 ರೂಪಾಯಿ ತೆಗೆದುಕೊಂಡರು. ಆ ಒಂದು ಮಾತಿಗೇ ಅಷ್ಟು ಕೊಡಬಹುದಿತ್ತು.

ಎರಡನೆಯದಕ್ಕೆ ಗೆಳೆಯನ ಸೋಲ್ಡರಿಂಗ್ ಸ್ಟೇಷನ್ ತಂದೆ. ಮೂರು ಪಿನ್ನಿನ ಪ್ಲಗ್, ಬಿಸಿ ತಿರುಗಿಸುವ ಗುಂಡಿ, ಒದ್ದೆ ಸ್ಪಂಜು ಎಲ್ಲ ಇದೆ. ಟೆಸ್ಟರ್ ಹತ್ತಲಿಲ್ಲ. (ಗೋಡೆಯ ಸಾಕೆಟ್‌ನಲ್ಲಿ ನಿಜವಾಗಿ ಅರ್ತಿಂಗ್ ಇದ್ದರೆ ಮಾತ್ರ ಈ ಮಾತು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ಅಲಂಕಾರಕ್ಕೆ ಇರುವುದುಂಟು.) ಅಂಗಡಿಯವರ ಮಾತು ನಿಜವಾ ಅಂತ ನೋಡಲು ಮೊದಲು ಸೂಜಿ ತುದಿ ಹಾಕಿ 280ರಲ್ಲಿ ಇಟ್ಟೆ. ನಾನು ಬಳಸುವುದು 60-40 ಸೋಲ್ಡರ್ (ತವರ 60, ಸೀಸ 40), 190ರ ಒಳಗೇ ಪೂರ್ತಿ ಕರಗುವಂಥದ್ದು. ಆದರೂ ಸೂಜಿ ತುದಿಯಿಂದ ಬಿಸಿ ಇಳಿಯುವುದೇ ಇಲ್ಲ, ಮೂರು ನಾಲ್ಕು ಸೆಕೆಂಡ್ ಕಾಯಬೇಕಾಯಿತು. ಅಗಲ ತುದಿ ಹಾಕಿ 340ಕ್ಕೆ ಏರಿಸಿದೆ. ಮುಟ್ಟಿದ ಕೂಡಲೇ ಹನಿ ಹರಡಿ ಹೊಳೆಯಿತು. ಉಳಿದ ಎರಡು ವಯರ್ ಮುಗಿಯಲು ಒಂದು ನಿಮಿಷ ಸಾಕಾಯಿತು. ತಕರಾರು ಒಂದೇ: ಹಿಡಿಯಿಂದ ತುದಿಗೆ ದೂರ ಜಾಸ್ತಿ. ಉದ್ದ ಪೆನ್ಸಿಲನ್ನು ಹಿಂಬದಿಯಲ್ಲಿ ಹಿಡಿದು ಬರೆದ ಹಾಗೆ, ಕೈ ನಡುಗುವುದು ತುದಿಯಲ್ಲಿ ದೊಡ್ಡದಾಗುತ್ತದೆ.

ಮೂರನೆಯದು ಟೈಪ್‌-ಸಿ ಚಾರ್ಜರಿನಲ್ಲಿ ಓಡುವ ಪೆನ್ನಿನಂಥ ಐರನ್. ಮೂರೂವರೆ ಸಾವಿರ ಆಯಿತು, ಹೊಟ್ಟೆ ಉರಿಯಿತು. ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿದರೆ ಟೆಸ್ಟರ್ ತೀರಾ ಮಂಕಾಗಿ ಹತ್ತಿತು, ಯಾಕೆಂದರೆ ಆ ಚಾರ್ಜರಿಗೂ ಎರಡೇ ಪಿನ್. ಪವರ್ ಬ್ಯಾಂಕಿಗೆ ಹಾಕಿದೆ, ಗೋಡೆಯ ಸಂಬಂಧವೇ ಕಡಿಯಿತು, ದೀಪ ಪೂರ್ತಿ ಆರಿತು. ಅಷ್ಟರಲ್ಲಿ ಮಳೆಗೆ ಕರೆಂಟೂ ಹೋಯಿತು. ಹೆಡ್‌ಲ್ಯಾಂಪ್ ಹಾಕಿಕೊಂಡು ಮೂರೂ ವಯರ್ ಮುಗಿಸಿದೆ. ಬೆರಳು ತುದಿಯ ಹತ್ತಿರವೇ ಇರುವುದರಿಂದ ಕೈ ನಿಲ್ಲುತ್ತದೆ. ಕೆಳಗೆ ಇಟ್ಟು ಮರೆತರೆ ತಾನೇ ತಣಿಯುತ್ತದೆ, ಹಾಗಾಗಿ ತುದಿ ಕಪ್ಪಾಗುವುದೂ ಕಡಿಮೆ. ನನಗೆ ಇದೇ ಗೆದ್ದದ್ದು. ಸ್ಟೇಷನ್ ಇರುವವರು ಇದಕ್ಕಾಗಿ ದುಡ್ಡು ಹಾಕಬೇಕಾಗಿಲ್ಲ, ತುದಿ ಬದಲಾಯಿಸಿಕೊಳ್ಳಿ, ಸಾಕು.

ಐರನ್‌ಗಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಡಿ ಅಂಟಲಿ ಅಂತ ಹಚ್ಚುವ ವಸ್ತು) ಅಂದರೂ ತಪ್ಪಲ್ಲ. ಚಿಕ್ಕ ತಗಡಿನ ಡಬ್ಬಿಯಲ್ಲಿ ಬರುವ ಪೇಸ್ಟನ್ನು ಹಿಂದೊಮ್ಮೆ ರೇಡಿಯೋದ ಬೋರ್ಡಿಗೆ ಬಳಸಿ ತೊಳೆಯದೆ ಬಿಟ್ಟಿದ್ದೆ. ಒಂದು ಮಳೆಗಾಲ ಕಳೆಯುವಾಗ ಬೆಸುಗೆಯ ಸುತ್ತ ಹಸಿರು ಕಿಲುಬು. ನಮ್ಮ ಕರಾವಳಿಯ ಗಾಳಿಗೆ ಅಷ್ಟು ಸಾಕು. ಈ ಸಲ ಎಲೆಕ್ಟ್ರಾನಿಕ್ಸಿನದ್ದೇ ರಾಳದ ಫ್ಲಕ್ಸ್ ಹಾಕಿ, ಮುಗಿದ ಮೇಲೆ ಹಳೆಯ ಟೂತ್‌ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಉಜ್ಜಿದೆ. ಐರನ್ ಆಫ್ ಮಾಡಿ ತಣಿದ ಮೇಲೆ, ಅದು ಬೇಗ ಬೆಂಕಿ ಹಿಡಿಯುವ ವಸ್ತು.

ಉಳಿದದ್ದು ಬೇಗ ಹೇಳುತ್ತೇನೆ. ಬಿಚ್ಚುವ ಮೊದಲು ಬ್ಯಾಟರಿ ತೆಗೆಯಿರಿ. ಹಿಂಬದಿಯ ಆರು ಸ್ಕ್ರೂಗೆ ತುದಿ ಮೂರು ಕವಲಾಗಿರುವ ಸ್ಕ್ರೂಡ್ರೈವರೇ ಬೇಕು, ಚೂರಿಯಲ್ಲಿ ಪ್ರಯತ್ನಿಸಿದರೆ ತಲೆ ಸವೆದು ಕೂತುಬಿಡುತ್ತದೆ. ವಯರ್ 30 ಗೇಜಿನದ್ದು, ಅದರ ತುದಿಗೂ ಬೋರ್ಡಿಗೂ ಮೊದಲೇ ಬೇರೆ ಬೇರೆ ಸೋಲ್ಡರ್ ಹಚ್ಚಿಟ್ಟರೆ ಆಮೇಲೆ ಬರೀ ಮುಟ್ಟಿಸುವ ಕೆಲಸ. ವಯರಿನ ಮೇಲೆ ಕಾಪ್ಟನ್ ಟೇಪ್ (ಬಿಸಿ ತಡೆಯುವ ಹಳದಿ ಟೇಪ್) ಹಾಕಿ, ಇಲ್ಲದಿದ್ದರೆ ಮುಚ್ಚುವಾಗ ಎಳೆದು ಬಿಲ್ಲೆ ಕೀಳುತ್ತದೆ. ಕಣ್ಣಿಗೆ ಕನ್ನಡಕ, ಹೊಗೆ ಕಿಟಕಿಯ ಹೊರಗೆ ಹೋಗುವಂತೆ ಫ್ಯಾನ್. ಆ ಸೋಲ್ಡರಿನಲ್ಲಿ ಸೀಸ ಇದೆ, ಕೈ ತೊಳೆಯದೆ ಗೋಳಿಬಜೆಗೆ ಕೈ ಹಾಕಬೇಡಿ.

25 ವ್ಯಾಟಿನದನ್ನು ಎಸೆದಿಲ್ಲ. ಹೋದ ವಾರ ಅಮ್ಮನ ಹಳೆಯ ರೇಡಿಯೋದ ಸ್ಪೀಕರ್ ವಯರ್ ತುಂಡಾಗಿತ್ತು. ಅದಕ್ಕೆ ಅದೇ ಸರಿ.