ವಕೀಲರ ಸಲಹೆ: ಕಾಗದದಲ್ಲಾ, ಬಾಗಿಲು ಮುಚ್ಚಿದ ಸಭೇಲಾ?

ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಕೌನ್ಸಿಲ್‌ಗೋ ಸ್ಕೂಲ್ ಬೋರ್ಡಿಗೋ ಹೊಸದಾಗಿ ಬಂದವ್ರಿಗೆ ತಲೆ ತಿನ್ನೋ ಪ್ರಶ್ನೆ ಇದು, ವಕೀಲರ ಹತ್ರ ಬರವಣಿಗೇಲಿ ಸಲಹೆ ತಗೋಬೇಕಾ ಇಲ್ಲ ಕ್ಲೋಸ್ಡ್ ಸೆಷನ್, ಅಂದ್ರೆ ಜನರನ್ನ ಹೊರಗಿಟ್ಟು ನಡೆಸೋ ಸಭೆ, ಕರೀಬೇಕಾ ಅಂತ.

ಸೆಷನ್ ಅಂದ್ರೆ ಎದುರುಬದುರು ಕೂತು ಕೇಳ್ಬೋದು, ಅದೇ ದೊಡ್ಡ ಅನುಕೂಲ. ಆದ್ರೆ ಇಂಥ ಸಭೆಗಳು ಜನರಿಗೆ ತೆರೆದಿರ್ಬೇಕು ಅನ್ನೋ ರಾಜ್ಯದ ಕಾನೂನು, 1953ರ ಬ್ರೌನ್ ಆಕ್ಟ್ ಪ್ರಕಾರ ಸುಮ್ನೆ "ಲಾಯರ್ ಜೊತೆ ಮಾತಾಡ್ಬೇಕು" ಅಂತ ಬಾಗಿಲು ಹಾಕೋ ಹಾಗಿಲ್ಲ, ಕೇಸ್ ನಡೀತಿರ್ಬೇಕು ಇಲ್ಲ ಬರೋ ಸಾಧ್ಯತೆ ಗಟ್ಟಿಯಾಗಿರ್ಬೇಕು ಇಲ್ಲ ನೀವೇ ಹಾಕೋ ಯೋಚ್ನೇಲಿರ್ಬೇಕು, ಮಾಮೂಲಿ ಸಭೆ ಆದ್ರೆ 72 ಗಂಟೆ ಮುಂಚೆ ಅಜೆಂಡಾದಲ್ಲೂ ಬಂದಿರ್ಬೇಕು.

ಮೆಮೋಗೆ, ಅಂದ್ರೆ ಬರವಣಿಗೇಲಿ ಬರೋ ಸಲಹೆಗೆ, ಈ ತಕರಾರಿಲ್ಲ. 1993ರಲ್ಲಿ ರಾಬರ್ಟ್ಸ್ ವರ್ಸಸ್ ಸಿಟಿ ಆಫ್ ಪಾಮ್‌ಡೇಲ್ ಕೇಸಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಹೇಳಿದೆ, ವಕೀಲರು ಸದಸ್ಯರಿಗೆ ಕಳ್ಸಿದ ಸಲಹಾ ಪತ್ರ ಗೌಪ್ಯನೇ ಅಂತ. ಎಡವಟ್ಟಾಗೋದು ಆಮೇಲೆ: ಒಬ್ರು ರಿಪ್ಲೈ ಆಲ್ ಒತ್ತಿ "ನಂಗೆ ಒಪ್ಗೆ" ಅಂತಾರೆ, ಇನ್ನಿಬ್ರು ದನಿಗೂಡಿಸ್ತಾರೆ, ಐದು ಸದಸ್ಯರಲ್ಲಿ ಮೂರು ಜನ ಅಂದ್ರೆ ಬಹುಮತ ಆಯ್ತಲ್ಲ, ಅದು ಕದ್ದು ನಡೆಸಿದ ಸಭೆ ಲೆಕ್ಕ.

ನನ್ನ ಕೇಳಿದ್ರೆ ಕಾನೂನು ಏನನ್ನುತ್ತೆ ಅಂತ ತಿಳ್ಕೊಳ್ಳೋಕೆ ಮೆಮೋ ಸಾಕು, ಸೆಟಲ್‌ಮೆಂಟ್ ಮೊತ್ತದ ಲೆಕ್ಕಾಚಾರಕ್ಕೆ ಸೆಷನ್ನೇ. ಫ್ಲೋರಿಡಾದವ್ರು ಹುಷಾರು, ಅಲ್ಲಿ ಅಂಥ ಸೆಷನ್ನಿನ ಮಾತೆಲ್ಲ ಕೋರ್ಟ್ ರಿಪೋರ್ಟರ್ (ಪತ್ರಕರ್ತರಲ್ಲ, ಆಡಿದ ಮಾತನ್ನ ದಾಖಲಿಸೋರು) ಬರ್ಕೋತಾರೆ, ಕೇಸ್ ಮುಗಿದ್ಮೇಲೆ ಯಾರ್ ಬೇಕಾದ್ರೂ ಓದ್ಬೋದು.